ದಂಡೆ ಬಿಟ್ಟು ಹೋದವನು

"ಗುರುಗಳೇ, ಈ ಭಯವನ್ನು ಹೇಗೆ ಕಳೆದುಕೊಳ್ಳಲಿ?"

ಕೇಳಿದವನು ತಿಪ್ಪೇಶ. ಒಂಬತ್ತು ವರ್ಷದಿಂದ ಗುರುವಿನ ಬಳಿಗೆ ಬಂದು ಹೋಗುತ್ತಿದ್ದ ಶಿಷ್ಯ. ಆ ದಿನ ಅವನು ನಮಸ್ಕಾರ ಮಾಡುವುದನ್ನೂ ಮರೆತಿದ್ದ.

"ಯಾವ ಭಯ?" ಎಂದರು ಗುರು.

"ನನ್ನ ಹೆಂಡತಿಯ ಎರಡೂ ಅಂಡಾಶಯಗಳಲ್ಲಿ ನೀರುಗಡ್ಡೆ ಬೆಳೆದಿವೆ. ದೊಡ್ಡವು. ಕ್ಯಾನ್ಸರ್ ಇರಬಹುದು ಎಂದಿದ್ದಾರೆ ಡಾಕ್ಟರು. ಇಲ್ಲದೆಯೂ ಇರಬಹುದಂತೆ. ತೆಗೆದು ಪರೀಕ್ಷೆ ಮಾಡುವವರೆಗೆ ಗೊತ್ತಾಗುವುದಿಲ್ಲವಂತೆ. ಬರುವ ಸೋಮವಾರ ಆಪರೇಷನ್. ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಧ್ಯಾನಕ್ಕೆ ಕೂತು ಕಣ್ಣು ಮುಚ್ಚಿದರೆ ಹೆಣ ಕಾಣುತ್ತದೆ. ಒಂದು ಮಾತು ಹೇಳಿ. ಒಂದು ಮಂತ್ರವನ್ನಾದರೂ ಕೊಡಿ."

"ಮಂತ್ರ ನನ್ನಲ್ಲಿಲ್ಲ. ಇದೆ ಎನ್ನುವವನು ಸುಳ್ಳ. ಒಂದು ಕತೆ ಇದೆ. ಆದರೆ ಅದು ಸಮಾಧಾನದ ಕತೆಯಲ್ಲ. ಕೇಳುತ್ತೀಯಾ?"

ತಿಪ್ಪೇಶ ತಲೆಯಾಡಿಸಿದ. ಗುರು ಹೇಳತೊಡಗಿದರು.

ಒಬ್ಬ ಬಾವಿ ತೋಡುವವನಿದ್ದ. ಹೊಸ ಬಾವಿ ತೋಡುತ್ತಿದ್ದ, ಹಳೆಯ ಬಾವಿಗಳ ಹೂಳು ಎತ್ತುತ್ತಿದ್ದ. ಅವನ ಹೆಂಡತಿ ಅವನ ಅಕ್ಕನ ಮಗಳೇ. ಹಾಗಾಗಿ ಚಿಕ್ಕಂದಿನಲ್ಲಿ ಕರೆದಂತೆ ಮದುವೆಯಾದ ಮೇಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ.

ಕೆಲಸ ಇಬ್ಬರದು. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕೆಳಗೆ ಇಳಿಯುತ್ತಿದ್ದ. ಅವಳು ಮೇಲೆ ದಂಡೆಯ ಮೇಲೆ ನಿಂತಿರುತ್ತಿದ್ದಳು. ಅವನು ತುಂಬಿದ ಬುಟ್ಟಿಯನ್ನು ರಾಟೆಯಿಂದ ಎಳೆದು ಮಣ್ಣು ಚೆಲ್ಲುತ್ತಿದ್ದವಳು ಅವಳೇ. ಜನ ಅವನನ್ನು ಬಾವಿ ತೋಡುವವನು ಎನ್ನುತ್ತಿದ್ದರು. ಅವಳನ್ನು ಏನೂ ಎನ್ನುತ್ತಿರಲಿಲ್ಲ.

ಆ ಕೆಲಸಕ್ಕೆ ಎರಡು ಕಟ್ಟಳೆಗಳಿದ್ದವು. ಇಳಿಯುವ ಮುಂಚೆ ದೀಪ ಇಳಿಸಬೇಕು. ಹಗ್ಗಕ್ಕೆ ಲಾಟೀನು ಕಟ್ಟಿ ತಳದವರೆಗೆ ಬಿಟ್ಟು ನೋಡಬೇಕು. ದೀಪ ಉರಿದರೆ ಕೆಳಗೆ ಉಸಿರಾಡುವ ಗಾಳಿ ಇದೆ. ನಂದಿದರೆ ಕೆಟ್ಟ ಗಾಳಿ ತುಂಬಿದೆ, ಇಳಿದವನು ಹೆಣವಾಗಿ ಮೇಲೆ ಬರುತ್ತಾನೆ. ಅವನ ಅಪ್ಪ ಹಾಗೆಯೇ ಸತ್ತಿದ್ದ. ಕೆಳಗೆ ಬಿದ್ದ ಹಾರೆಯನ್ನು ತರಲೆಂದು ಅವಸರದಲ್ಲಿ ದೀಪವಿಲ್ಲದೆ ಇಳಿದಿದ್ದ. ಹಾರೆ ಆಮೇಲೆ ಸಿಕ್ಕಿತು. ಅಂದಿನಿಂದ ಮಗ ದೀಪವಿಲ್ಲದೆ ಮೊಣಕಾಲುದ್ದದ ಗುಂಡಿಗೂ ಇಳಿದವನಲ್ಲ.

ಇನ್ನೊಂದು ಕಟ್ಟಳೆ ಮೇಲಿನವರಿಗೆ. ಒಬ್ಬರು ಕೆಳಗಿರುವಷ್ಟು ಹೊತ್ತು ಮೇಲಿನವರು ದಂಡೆ ಬಿಡಬಾರದು. ಬಾಯಾರಿದರೂ ಬಿಡಬಾರದು, ಮನೆಗೆ ಬೆಂಕಿ ಬಿತ್ತೆಂದು ಕರೆದರೂ ಬಿಡಬಾರದು. ಸುಮ್ಮನೆ ನಿಲ್ಲಲೂಬಾರದು. ಏನಾದರೂ ಮಾತಾಡುತ್ತಿರಬೇಕು. ಕೆಳಗಿನವನು ಹೂಂ ಎನ್ನುತ್ತಿರಬೇಕು. ಹೂಂ ನಿಂತ ಕ್ಷಣ ಹಗ್ಗ ಎಳೆಯಬೇಕು.

ಹೀಗಾಗಿ ಅವಳು ದಿನವಿಡೀ ಮಾತಾಡುತ್ತಿದ್ದಳು.

"ಮಾವ, ನಿನ್ನ ತಂಗಿ ಗಂಡ ಮತ್ತೆ ಮೀಸೆ ಬಿಟ್ಟವ್ನೆ. ತುಟಿ ಮೇಲೆ ಜಿರಳೆ ಕೂತಂಗೈತೆ."

"ಹೂಂ."

"ನೆನ್ನೆ ಸಾರಿಗೆ ಉಪ್ಪೇ ಹಾಕಿರಲಿಲ್ಲ. ತಟ್ಟೆ ನೆಕ್ಕಿ ಎದ್ದೆಯಲ್ಲ, ನಾಲಿಗೆ ಸತ್ತೋಗೈತಾ?"

"ಏಯ್, ಬಾಯಿ ಮುಚ್ಚೇ! ತಲೆ ಚಿಟ್ಟು ಹಿಡೀತು."

"ಬೈದೆಯಲ್ಲ, ಸಾಕು. ಬದುಕಿದ್ದೀಯ."

ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಅಷ್ಟು ವರ್ಷದಲ್ಲಿ ಮೇಲೆ ನಿಂತವಳನ್ನು ಅವನು ಒಂದು ಸಲವೂ ಏನೂ ಕೇಳಲಿಲ್ಲ. ಕೇಳುವುದಕ್ಕೇನಿದೆ ಎಂದುಕೊಂಡಿದ್ದ. ಅಪಾಯವೆಲ್ಲ ಇಳಿದವನದು. ಮೇಲಿರುವವಳಿಗೆ ಗಾಳಿ ಇದೆ, ಬೆಳಕಿದೆ.

ಅವಳಿಗೆ ನಲವತ್ತಮೂರಾದಾಗ ಹೊಟ್ಟೆ ಉಬ್ಬತೊಡಗಿತು.

ಹೆಣ್ಣಿನ ಹೊಟ್ಟೆ ದೊಡ್ಡದಾದರೆ ನಮ್ಮ ಊರುಗಳಿಗೆ ತಿಳಿದಿರುವ ಕಾರಣ ಎರಡೇ. ಬಸಿರು, ಇಲ್ಲವೇ ಹೊಟ್ಟೆಬಾಕತನ. ಪಕ್ಕದ ಮನೆಯಲ್ಲಿ ಸೊಪ್ಪು ಮಾರುವವಳೊಬ್ಬಳಿದ್ದಳು. ಒಳ್ಳೆಯವಳು, ಬಾಯಿ ಮಾತ್ರ ಕತ್ತರಿ. ಅವಳು ಕೇಳಿದಳು: "ಏನವ್ವಾ, ಈಗ ತೊಟ್ಟಿಲು ಕಟ್ತೀಯಾ? ಬಾವಿ ತೋಡೋನಿಗೆ ಇಪ್ಪತ್ತೆರಡು ವರ್ಷಕ್ಕೆ ನೀರು ಸಿಕ್ತಾ?" ಇಬ್ಬರೂ ನಕ್ಕರು. ಗಂಡ ನಗಲಿಲ್ಲ. ಅವನಿಗೆ ಒಳಗೊಳಗೇ ಆಸೆ ಹುಟ್ಟಿತ್ತು. ಆ ಆಸೆಯಲ್ಲಿ ಅವಳ ಮುಖ ಬತ್ತುತ್ತಿರುವುದು ಅವನಿಗೆ ಕಾಣಲಿಲ್ಲ. ಎರಡು ತುತ್ತಿಗೇ ಅವಳು ತಟ್ಟೆ ಸರಿಸುವುದೂ ಕಾಣಲಿಲ್ಲ.

ನಾಲ್ಕು ತಿಂಗಳು ಅವಳು ಒಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು ಹಗ್ಗ ಎಳೆದಳು. ಒಂದು ದಿನ ಕೈ ಜಾರಿತು. ಮಣ್ಣು ತುಂಬಿದ ಬುಟ್ಟಿ ಕೆಳಗೆ ಬಂದು ಅವನ ಭುಜ ತರಚಿಕೊಂಡು ಹೋಯಿತು. ಅವನು ಬೈಯುತ್ತಾ ಮೇಲೆ ಹತ್ತಿ ಬಂದ. ಅವಳು ದಂಡೆಯ ಮೇಲೆ ಮುದುಡಿ ಬಿದ್ದಿದ್ದಳು. ಹಗ್ಗದ ತುದಿ ಆಗಲೂ ಅವಳ ಮುಷ್ಟಿಯಲ್ಲಿತ್ತು.

ನೋಡು ತಿಪ್ಪೇಶ, ಬುಟ್ಟಿ ತನ್ನ ಭುಜಕ್ಕೆ ತಾಗಿದ ದಿನವೇ ಅವನಿಗೆ ಅವಳ ನೋವು ಕಂಡದ್ದು. ಗಂಡಸರಿಗೆ ಹೀಗೆಯೇ ಕಾಣುವುದು.

ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಸ್ಕ್ಯಾನಿಂಗ್ ಮಾಡಿದರು. ಡಾಕ್ಟರು ಅವಳನ್ನು ಒಳಗೇ ಕೂರಿಸಿ ಗಂಡನನ್ನು ಹೊರಗೆ ಕರೆದರು. ಗಡ್ಡೆ ಇದ್ದದ್ದು ಅವಳ ಹೊಟ್ಟೆಯಲ್ಲಿ, ಮಾತು ಹೋದದ್ದು ಅವನ ಕಿವಿಗೆ. ಇದಕ್ಕೆ ನಾವು ಮರ್ಯಾದೆ ಎಂದು ಹೆಸರಿಟ್ಟಿದ್ದೇವೆ.

"ಎರಡೂ ಅಂಡಾಶಯದಲ್ಲಿ ನೀರುಗಡ್ಡೆ ಇವೆ" ಎಂದರು ಡಾಕ್ಟರು. "ಎಡಗಡೆಯದು ತೆಂಗಿನಕಾಯಿಯಷ್ಟಿದೆ. ಅದರೊಳಗೆ ಗಟ್ಟಿ ಭಾಗವೂ ಕಾಣ್ತಿದೆ. ಕ್ಯಾನ್ಸರ್ ಇರಬಹುದು, ಇಲ್ಲದೆಯೂ ಇರಬಹುದು. ಎರಡು ದಿನದಲ್ಲಿ ಬಂದು ಸೇರಿಸಿ. ತಡ ಮಾಡಬೇಡಿ."

"ತೆಗೆಯೋ ಮುಂಚೆ ಗೊತ್ತಾಗಲ್ವಾ ಸ್ವಾಮಿ?"

"ಖಚಿತವಾಗಿ ಗೊತ್ತಾಗಲ್ಲ. ತೆಗೆದು ಪರೀಕ್ಷೆಗೆ ಕಳಿಸಬೇಕು."

ಅವನಿಗೆ ಅರ್ಥವಾದದ್ದು ಒಂದೇ. ಇವರು ದೀಪ ಇಳಿಸದೆ ಇಳಿಯುತ್ತಾರೆ.

ಬಸ್ಸಿನಲ್ಲಿ ಅವಳು ಕೇಳಿದಳು: "ಏನಂದ್ರು ಮಾವ?"

"ಗ್ಯಾಸಂತೆ."

"ಗ್ಯಾಸಿಗೆ ಅಷ್ಟೊತ್ತು ಮಾತಾಡಿದ್ರಾ?"

"ಜಾಸ್ತಿ ಗ್ಯಾಸು."

ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಎರಡು ದಿನ ಕಳೆಯಿತು. ಅವನು ಅವಳನ್ನು ಆಸ್ಪತ್ರೆಗೆ ಸೇರಿಸಲಿಲ್ಲ. ಬದಲಿಗೆ ದೀಪ ಹುಡುಕಲು ಹೊರಟ. ಇವಳು ಉಳಿಯುತ್ತಾಳೋ ಇಲ್ಲವೋ ಎಂದು ಮೊದಲೇ ಹೇಳುವವರು ಎಲ್ಲಾದರೂ ಸಿಗುತ್ತಾರೆ, ಅವರು ಹೇಳಿದ ಮೇಲೆ ಆಪರೇಷನ್ ಮಾಡಿಸೋಣ ಎಂದುಕೊಂಡ. ಬಾವಿಯಲ್ಲಿ ಅವನ ಜೀವ ಕಾಯ್ದ ಕಟ್ಟಳೆ ಅದು. ಅದು ಬಾವಿಯ ಕಟ್ಟಳೆ, ಹೆಂಡತಿಯ ಹೊಟ್ಟೆಯದಲ್ಲ ಎಂದು ಅವನಿಗೆ ಹೊಳೆಯಲಿಲ್ಲ.

ಬೆಳಗಾದರೆ ಮನೆ ಬಿಡುತ್ತಿದ್ದ. ಹಿಂದೆ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನೊಬ್ಬನನ್ನು ಹಿಡಿದು ಕೇಳಿದ. ಆ ಮನುಷ್ಯ ಕ್ಯಾನ್ಸರ್ ಎಂಬ ಮಾತು ಕೇಳಿದ್ದೇ ತನ್ನ ಷಡ್ಡಕನ ಹೆಂಡತಿ ಮೂರೇ ತಿಂಗಳಿಗೆ ಹೋದ ಕತೆಯನ್ನು ಹೇಳಿದ. ಹೇಳುತ್ತಾ ಕಾಫಿ ಕುಡಿದ. ಬಸ್ಸಿನಲ್ಲಿ ಪಕ್ಕ ಕೂತವನೊಬ್ಬ, ಅವೆಲ್ಲ ಆಸ್ಪತ್ರೆಯವರ ಬೆದರಿಕೆ, ನುಗ್ಗೆಸೊಪ್ಪಿನ ರಸಕ್ಕೆ ಕರಗಿಹೋಗುತ್ತದೆ ಎಂದ. ಒಬ್ಬರ ಮಾತಿಗೆ ದೀಪ ಉರಿಯುತ್ತಿತ್ತು. ಇನ್ನೊಬ್ಬರ ಮಾತಿಗೆ ನಂದುತ್ತಿತ್ತು. ನಂದಿದಾಗಲೆಲ್ಲ ಅವನು ಇನ್ನೂ ದೂರದ ಊರಿಗೆ ಹೋಗುತ್ತಿದ್ದ.

ಮನೆಯಲ್ಲಿದ್ದಾಗಲೂ ಅವನು ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಅವಳು ಮಲಗಿದರೆ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡುತ್ತಿದ್ದ. ಅವಳು ಕೆಮ್ಮಿದರೆ ಅವನ ಕೈಯ ಲೋಟ ಜಾರುತ್ತಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ಎದ್ದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ನೋಡಲು ಆಗುತ್ತಿರಲಿಲ್ಲ. ನೋಡಲು ಆಗುವುದಿಲ್ಲ ಎಂಬುದನ್ನು ಅವನು ಪ್ರೀತಿ ಎಂದುಕೊಂಡಿದ್ದ.

ಒಂದು ಸಂಜೆ ಅವಳಿಗೆ ಸೀರೆ ತಂದ. ಹಬ್ಬವಿರಲಿಲ್ಲ, ಮದುವೆಯಿರಲಿಲ್ಲ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಅಂಚನ್ನು ಸವರಿದಳು. ಆಮೇಲೆ ಕೇಳಿದಳು: "ಮಾವ, ಇದನ್ನ ಈಗ ನಾನೇ ಉಡಲೋ, ಆಮೇಲೆ ನೀನು ಹೊದಿಸ್ತೀಯೋ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ತಿಪ್ಪೇಶ ನಡುವೆ ಬಾಯಿ ಹಾಕಿದ: "ಗುರುಗಳೇ, ಅವನನ್ನು ಅಷ್ಟು ಹಳಿಯಬೇಡಿ. ಪ್ರೀತಿ ಇದ್ದದ್ದಕ್ಕೇ ಅಲ್ಲವೇ ಅವನು ಅಲೆದದ್ದು?"

"ಪ್ರೀತಿ ಇರಲಿಲ್ಲ ಎಂದು ನಾನೆಲ್ಲಿ ಹೇಳಿದೆ? ಇತ್ತು. ಇದ್ದ ಪ್ರೀತಿಯೇ ಕಾಲಿಗೆ ಬುದ್ಧಿ ಹೇಳಿತು. ಕೇಳು."

ಒಂಬತ್ತನೆಯ ದಿನ ಅವನು ಮೂರು ಬಸ್ಸು ಬದಲಿಸಿ ಅಂಜನ ಹಾಕುವವನ ಮನೆಗೆ ಹೋದ. ವೀಳ್ಯದೆಲೆಗೆ ಕಪ್ಪು ಹಚ್ಚಿ ಅದರಲ್ಲಿ ಮುಂದಾಗುವುದನ್ನು ನೋಡಿ ಹೇಳುವವನು. ಬಾಗಿಲಲ್ಲಿ ಇವನಂಥವರೇ ಇಪ್ಪತ್ತು ಜನ ಕಾದಿದ್ದರು. ಒಬ್ಬರೂ ಮತ್ತೊಬ್ಬರ ಮುಖ ನೋಡುತ್ತಿರಲಿಲ್ಲ. ಇವನ ಸರದಿ ಬಂತು. ಅಂಜನದವನು ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ಹೇಳಿದ: "ಏನೋ ಕಪ್ಪಗೆ ಕಾಣ್ತದಪ್ಪ."

ಎಲೆಗೆ ಮಸಿ ಬಳಿದವನು ಅವನೇ. ಕಪ್ಪು ಕಾಣದೆ ಇನ್ನೇನು ಕಾಣುತ್ತದೆ? ಆದರೆ ಭಯಪಟ್ಟವನಿಗೆ ಇಷ್ಟು ಯೋಚನೆಯೂ ಉಳಿದಿರುವುದಿಲ್ಲ. ಅದನ್ನು ಬಲ್ಲವರು ಇಂಥ ಅಂಗಡಿ ಇಡುತ್ತಾರೆ. ಅವರ ಕೈಯಲ್ಲಿ ಎಲೆ ಇಲ್ಲದಿದ್ದರೆ ತಾಯತ ಇರುತ್ತದೆ. ತಾಯತ ಇಲ್ಲದಿದ್ದರೆ ಗದ್ದುಗೆ ಇರುತ್ತದೆ. ನನ್ನಂಥವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅವನು ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಒಲೆ ಆರಿತ್ತು. ಪಾತ್ರೆಯಲ್ಲಿ ಅಕ್ಕಿ ಅರೆಬೆಂದು ನಿಂತಿತ್ತು. ನೆಲದ ಮೇಲೆ ವಾಂತಿಯಿತ್ತು. ಅವಳಿರಲಿಲ್ಲ.

ಅವನು ಕೂಗಿದ. ಹೂಂ ಬರಲಿಲ್ಲ. ಹಿತ್ತಲಲ್ಲಿ ಕೂಗಿದ, ಅಲ್ಲಿಯೂ ಇಲ್ಲ. ಎದುರು ಮನೆಯ ಮುದುಕ ಹೊರಗೆ ಬಂದು ಹೇಳಿದ: "ಎಲ್ಲಿ ಹಾಳಾಗಿ ಹೋಗಿದ್ಯೋ? ಬೆಳಿಗ್ಗೆ ಹೊಟ್ಟೆನೋವು ತಡೀಲಾರದೆ ಹೊಸ್ತಿಲ ತನಕ ತೆವಳಿಕೊಂಡು ಬಂದಿದ್ಲು. ಸೊಪ್ಪಿನವಳು ಆಟೋ ಕರೆಸಿ ಆಸ್ಪತ್ರೆಗೆ ಹಾಕ್ಕೊಂಡು ಹೋದ್ಲು."

ಅವನು ಓಡಿದ. ಬಸ್ಸಿಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಅರ್ಧ ದಾರಿ ಓಡಿದ, ಉಳಿದರ್ಧ ಹಾಲಿನ ಗಾಡಿಯ ಹಿಂದೆ ಜೋತುಬಿದ್ದು ಹೋದ. ದಾರಿಯುದ್ದಕ್ಕೂ ಕಣ್ಣಿಗೆ ಕಂಡದ್ದು ಅವನು ತಂದ ಸೀರೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಸೊಪ್ಪಿನವಳು ಎದುರಾದಳು. ಅವಳ ಸೆರಗಿಗೆ ವಾಂತಿ ಮೆತ್ತಿತ್ತು.

"ಬಂದೆಯಾ ಮಾರಾಯ? ಗ್ಯಾಸು ಅಂದಿದ್ಯಂತೆ? ಗಡ್ಡೆ ತಿರುಚಿಕೊಂಡೈತೆ, ಇವತ್ತೇ ತೆಗೀಬೇಕಂತೆ. ಡಾಕ್ಟರು ಗಂಡ ಎಲ್ಲಿ, ಗಂಡ ಎಲ್ಲಿ ಅಂತಿದ್ರು. ಹೊಟ್ಟೆ ಇರೋದು ಇವಳದು, ಇವಳಿಗೇ ಹೇಳಿ ಸ್ವಾಮಿ ಅಂದೆ. ಹೇಳಿದ್ರು. ಎಲ್ಲ ಕೇಳಿಸ್ಕೊಂಡು ಅವಳೇ ಹೆಬ್ಬೆಟ್ಟು ಒತ್ತಿದ್ಲು. ನೀನೇನೂ ಒತ್ತೋದು ಉಳಿದಿಲ್ಲ. ಹೋಗು, ಮುಖ ತೋರಿಸು."

ಅವಳನ್ನು ಗಾಲಿಮಂಚದ ಮೇಲೆ ಮಲಗಿಸಿದ್ದರು. ತುಟಿ ಒಣಗಿತ್ತು. ಅವನನ್ನು ಕಂಡು ಕೇಳಿದಳು: "ಎಲ್ಲಿಗೆ ಹೋಗಿದ್ದೆ ಮಾವ?"

"ನಿನಗೇನಾಗ್ತದೋ ಕೇಳೋಕೆ ಹೋಗಿದ್ದೆ."

"ಹೇಳಿದ್ರಾ?"

"ಒಬ್ಬೊಬ್ಬರು ಒಂದೊಂದು ಹೇಳಿದ್ರು."

"ಒಂಬತ್ತು ದಿನ ನಾನು ಕೆಳಗಿದ್ದೆ ಮಾವ" ಎಂದಳು. "ದಂಡೆ ಮೇಲೆ ಯಾರೂ ಇರಲಿಲ್ಲ."

ಅವನು ಅವಳ ಕೈ ಹಿಡಿದ. ಅಂಗೈಯಲ್ಲಿ ಹಗ್ಗ ಉಜ್ಜಿದ ಜಡ್ಡು. ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಸಲ ಕೇಳಿದ: "ಹೆದರಿಕೆ ಆಗ್ತೈತಾ?"

"ಈಗಿನದಾ ಹೆದರಿಕೆ? ನೀನು ಇಳಿದಾಗೆಲ್ಲ ಆಗ್ತಿತ್ತು. ದೀಪ ಉರಿದ ಮೇಲೂ ಆಗ್ತಿತ್ತು."

"ಮತ್ತೆ ಹೆಂಗೆ ನಿಂತಿದ್ದೆ?"

"ಹೆಂಗೆ ಅಂದ್ರೆ ಏನು? ನಿಂತಿದ್ದೆ. ಬಾಯಿಗೆ ಬಂದಿದ್ದು ಮಾತಾಡ್ತಿದ್ದೆ."

ಆಯಾ ಬಂದು ಮಂಚ ತಳ್ಳಿದಳು. ಬಾಗಿಲು ಮುಚ್ಚಿತು.

ಅವನು ಮುಚ್ಚಿದ ಬಾಗಿಲಿನ ಮುಂದೆ ನಿಂತ. ಸುಮ್ಮನೆ ನಿಲ್ಲಬಾರದು ಎಂಬುದು ನೆನಪಾಯಿತು. ಏನು ಮಾತಾಡಬೇಕು ಎಂದು ತಿಳಿಯಲಿಲ್ಲ. ಮೇಲೆ ನಿಂತು ಅಭ್ಯಾಸವಿರಲಿಲ್ಲ. ಕೊನೆಗೆ ಶುರು ಮಾಡಿದ. ಅಕ್ಕಿ ಅರೆಬೆಂದಿದೆ ಎಂದ. ಎದುರು ಮನೆಯ ಮುದುಕ ತನ್ನನ್ನು ಬೈದ ಎಂದ. ಹಾಲಿನ ಗಾಡಿಯವನು ಎಷ್ಟು ಜೋರಾಗಿ ಓಡಿಸಿದ ಎಂದ. ಮಸಿ ಬಳಿದ ಎಲೆಯ ವಿಷಯ ಹೇಳುವಾಗ ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಪಡಸಾಲೆಯಲ್ಲಿದ್ದವರು ಇವನಿಗೆ ತಲೆ ಕೆಟ್ಟಿದೆ ಎಂದು ದೂರ ಸರಿದರು. ನರ್ಸ್ ಬಂದು, ಗಲಾಟೆ ಮಾಡಬೇಡಿ ಎಂದಳು. ಅವನು ದನಿ ತಗ್ಗಿಸಿದ. ನಿಲ್ಲಿಸಲಿಲ್ಲ.

ಒಳಗಿನಿಂದ ಹೂಂ ಬರುತ್ತಿರಲಿಲ್ಲ. ಹೂಂ ನಿಂತರೆ ಹಗ್ಗ ಎಳೆಯಬೇಕು. ಅವನ ಕೈಯಲ್ಲಿ ಹಗ್ಗವಿರಲಿಲ್ಲ. ಓಡಿಹೋಗಬೇಕು ಅನ್ನಿಸಿತು. ಎಲ್ಲಾದರೂ ಸರಿ, ಯಾರನ್ನಾದರೂ ಕೇಳಿಕೊಂಡು ಬರಬೇಕು ಅನ್ನಿಸಿತು. ಒಂದು ಸಲ ನಾಲ್ಕು ಹೆಜ್ಜೆ ಹೋದ ಕೂಡ. ಹಾಗೆಯೇ ವಾಪಸು ಬಂದು, ತಂಗಿ ಗಂಡನ ಮೀಸೆಯ ಮಾತು ತೆಗೆದ.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ನರ್ಸ್ ಒಂದು ಮುಚ್ಚಳದ ಡಬ್ಬಿ ತಂದಳು. ಗಡ್ಡೆಗಳು ಅದರೊಳಗಿದ್ದವು. "ಇದನ್ನು ಪೇಟೆಯ ಆ ಕಡೆ ಲ್ಯಾಬಿಗೆ ಕೊಟ್ಟು ಬನ್ನಿ. ಕ್ಯಾನ್ಸರ್ ಹೌದೋ ಅಲ್ಲವೋ ಹತ್ತು ದಿನಕ್ಕೆ ಗೊತ್ತಾಗ್ತದೆ. ಅವರನ್ನ ಈಗ ವಾರ್ಡಿಗೆ ತರ್ತೀವಿ. ಎಚ್ಚರ ಇನ್ನೂ ಪೂರ್ತಿ ಬಂದಿಲ್ಲ."

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದ. ಒಂಬತ್ತು ದಿನ ಊರೂರು ಅಲೆದು ಹುಡುಕಿದ ಉತ್ತರ ಅದರೊಳಗಿತ್ತು. ಇನ್ನೂ ಬೆಚ್ಚಗಿತ್ತು.

ಅವನು ಅದನ್ನು ಸೊಪ್ಪಿನವಳ ಕೈಗೆ ಕೊಟ್ಟ. "ಅಕ್ಕಾ, ನೀನೇ ಕೊಟ್ಟು ಬಾ" ಎಂದ.

ಆಮೇಲೆ ವಾರ್ಡಿಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತ. ಅವಳ ಕಣ್ಣು ಮುಚ್ಚಿತ್ತು. ಅವನು ಸಣ್ಣ ದನಿಯಲ್ಲಿ ಮಾತಾಡತೊಡಗಿದ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ಕತ್ತಲಾದ ಮೇಲೆ ಅವಳ ತುಟಿ ಅಲುಗಿತು.

"ಹೂಂ" ಎಂದಳು.

ಗುರು ಕತೆ ನಿಲ್ಲಿಸಿದರು.

ತಿಪ್ಪೇಶ ಕಾದ. ಗುರು ಮುಂದೆ ಹೇಳುವಂತೆ ಕಾಣಲಿಲ್ಲ. ಅವನಿಗೆ ತಡೆಯಲಾಗಲಿಲ್ಲ.

"ಹತ್ತು ದಿನದ ಮೇಲೆ ಏನಾಯಿತು ಗುರುಗಳೇ? ಪರೀಕ್ಷೆಯಲ್ಲಿ ಏನು ಬಂತು? ಕ್ಯಾನ್ಸರ್ ಇತ್ತೋ, ಇರಲಿಲ್ಲವೋ? ಅಷ್ಟು ಹೇಳಿಬಿಡಿ."

ಗುರು ಅವನ ಮುಖ ನೋಡಿದರು.

"ನೀನು ಇಲ್ಲಿ ಕೂತಿದ್ದೀಯಲ್ಲ ತಿಪ್ಪೇಶ, ಅಲ್ಲಿ ನಿನ್ನ ಹೆಂಡತಿಯ ಹತ್ತಿರ ಈಗ ಯಾರಿದ್ದಾರೆ?"